ರಾಕೆಟ್ ಮೋಟಾರು ಮನೆಯಲ್ಲಿ ಮಾಡುವುದು ಬೇಡ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ರಾಕೆಟ್ ಕ್ಲಬ್ಬಿನ ಹೊಸ ನಿಯಮದ ಬಗ್ಗೆ ನಿಮ್ಮಲ್ಲಿ ಹಲವರು ಶಾಲೆಗೆ ಬಂದು ಮಾತಾಡಿದ್ದೀರಿ, ಕೆಲವರು ಬರೆದು ಕಳಿಸಿದ್ದೀರಿ. ಎಲ್ಲರಿಗೂ ಒಟ್ಟಿಗೇ ಉತ್ತರ ಕೊಡೋಣ ಎಂದು ಈ ಪತ್ರ.

ನಡೆದದ್ದು ನಿಮಗೆ ಗೊತ್ತೇ ಇದೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ರಾಕೆಟ್ಟಿಗೆ ಹಾಕಲು ತಾರಸಿಯ ಮೇಲೆ ಮದ್ದು ಅರೆಯುತ್ತಿದ್ದ. ಅದು ಭಗ್ಗನೆ ಹೊತ್ತಿಕೊಂಡಿತು. ಅಂಗೈ ಸುಟ್ಟಿದೆ, ಪುಣ್ಯಕ್ಕೆ ಕಣ್ಣಿಗೆ ಏನೂ ಆಗಿಲ್ಲ. ಹುಡುಗ ಚೇತರಿಸಿಕೊಳ್ಳುತ್ತಿದ್ದಾನೆ. ಅವನ ಬಗ್ಗೆಯಾಗಲಿ, ಅವನ ಮನೆಯವರ ಬಗ್ಗೆಯಾಗಲಿ ದಯವಿಟ್ಟು ಯಾರೂ ಹಗುರವಾಗಿ ಮಾತಾಡಬೇಡಿ. ಅವನು ಪುಂಡನಲ್ಲ, ತುಂಬ ಆಸಕ್ತಿ ಇರುವ ಮಗು.

ಕ್ಲಬ್ಬಿನಲ್ಲೇ ಇದನ್ನು ಹೇಳಿಕೊಟ್ಟರು ಎಂಬ ಮಾತೂ ಕೇಳಿಬಂತು. ಅದು ನಿಜವಲ್ಲ. ನಮ್ಮ ವಿಜ್ಞಾನ ಮೇಷ್ಟ್ರು ಕ್ಲಬ್ಬಿನಲ್ಲಿ ನೀರಿನ ರಾಕೆಟ್ ಮತ್ತು ಕಾರ್ಖಾನೆಯಲ್ಲಿ ತಯಾರಾದ ಮೋಟಾರು (ರಾಕೆಟ್ಟನ್ನು ನೂಕುವ, ಮದ್ದು ತುಂಬಿದ ಕೊಳವೆ), ಇವೆರಡನ್ನೇ ಬಳಸಿದ್ದಾರೆ. ಮದ್ದು ಬೆರೆಸುವುದನ್ನು ಅವರು ಯಾವತ್ತೂ ಹೇಳಿಕೊಟ್ಟಿಲ್ಲ. ಮಕ್ಕಳು ಅದನ್ನು ನೋಡಿದ್ದು ಫೋನಿನಲ್ಲಿ. ಹಾಗಾಗಿ ಕ್ಲಬ್ ಮುಚ್ಚಿ ಎನ್ನುವವರ ಮಾತನ್ನು ನಾನು ಒಪ್ಪುತ್ತಿಲ್ಲ. ಕ್ಲಬ್ ಮುಂದುವರಿಯುತ್ತದೆ, ಮೇಷ್ಟ್ರೂ ಮುಂದುವರಿಯುತ್ತಾರೆ.

ಇನ್ನು ನಿಯಮ. ಮನೆಯಲ್ಲಿ ಮಾಡಿದ ಮೋಟಾರು ಶಾಲೆಗೆ ಬರುವಂತಿಲ್ಲ, ಅದನ್ನು ತಯಾರಿಸುವ ಮಗು ಕ್ಲಬ್ಬಿನಲ್ಲಿ ಇರುವಂತಿಲ್ಲ. ದೊಡ್ಡವರು ಪಕ್ಕದಲ್ಲಿ ನಿಂತು ಮಾಡಿಸಿದ್ದರೂ ಇಷ್ಟೇ.

ಹೆಚ್ಚು ಬೇಸರವಾಗಿರುವುದು ಈ ಕೊನೆಯ ಮಾತಿಗೆ, ಅಲ್ವಾ? "ನಾವೇ ಜೊತೆಗೆ ಕೂತು ಮಾಡಿಸುತ್ತೇವೆ, ಮತ್ತೇನು ಭಯ?" ಎಂದು ಕೇಳಿದ್ದೀರಿ. ಮಗನ ಆಸೆಗೆ ಸಮಯ ಕೊಡುವ ತಂದೆ, ತಾಯಿ ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ಕಾಳಜಿಯ ಮೇಲೆ ನನಗೆ ಅನುಮಾನವೇ ಇಲ್ಲ. ಆದರೆ ಈ ಕೆಲಸದಲ್ಲಿ ಕಾಳಜಿ ಕೈಹಿಡಿಯುವುದಿಲ್ಲ. ಈ ಮದ್ದಿಗೆ ಒಂದು ಸಣ್ಣ ಕಿಡಿ ಸಾಕು. ಲೋಹಕ್ಕೆ ಲೋಹ ತಾಗಿ ಹಾರಿದ ಕಿಡಿ, ಒಣ ಹವೆಯಲ್ಲಿ ಬಟ್ಟೆಯಿಂದ ಚಟ್ ಎನ್ನುವ ಸ್ಥಿರ ವಿದ್ಯುತ್ತು, ಯಾವುದಾದರೂ ಆದೀತು. ಹೊತ್ತಿಕೊಂಡ ಮೇಲೆ ಮಗುವಿನ ಕೈ ಎಳೆದುಕೊಳ್ಳಲು ನಿಮಗೆ ಸಮಯ ಇರುವುದಿಲ್ಲ. ಪಕ್ಕದಲ್ಲಿ ದೊಡ್ಡವರಿದ್ದರೆ ಸುಡುವುದು ಇಬ್ಬರಿಗೆ.

"ಸ್ವಲ್ಪವೇ ಮಾಡುತ್ತೇವೆ" ಎಂದವರೂ ಇದ್ದೀರಿ. ಪುಡಿ ಸ್ವಲ್ಪವೇ ಇರಬಹುದು, ಆದರೆ ಅದನ್ನು ಕೊಳವೆಯೊಳಗೆ ಬಿಗಿದಾಗ ಲೆಕ್ಕ ಬೇರೆ. ಈ ಬಗೆಯ ಮೋಟಾರು ಅಂದರೆ ದಪ್ಪ ಕಾಗದದ ಕೊಳವೆ, ತುದಿಯಲ್ಲಿ ಜೇಡಿಮಣ್ಣಿನ ಸಣ್ಣ ಬಾಯಿ, ಒಳಗೆ ಗಟ್ಟಿಯಾಗಿ ಒತ್ತಿದ ಮದ್ದು. ಮದ್ದು ಮೇಲ್ಮೈಯಿಂದ ಒಳಕ್ಕೆ ಉರಿಯುತ್ತಾ ಹೋಗಬೇಕು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಬೆಂಕಿ ಅಲ್ಲಿಗೆ ನುಗ್ಗುತ್ತದೆ. ಉರಿಯುವ ಜಾಗ ಒಮ್ಮೆಲೇ ಜಾಸ್ತಿಯಾಗುತ್ತದೆ, ಒತ್ತಡ ಏರುತ್ತದೆ, ಕೊಳವೆ ಸಿಡಿಯುತ್ತದೆ. ಆ ಬಿರುಕು ಹೊರಗಿನಿಂದ ನಿಮಗೂ ಕಾಣದು, ನನಗೂ ಕಾಣದು. ಕಾರ್ಖಾನೆಯಲ್ಲಿ ಒತ್ತುವ ಕೆಲಸಕ್ಕೆ ಯಂತ್ರವಿದೆ, ಪ್ರತಿ ಕಂತಿನಲ್ಲೂ ಕೆಲವನ್ನು ಉರಿಸಿ ಪರೀಕ್ಷಿಸುತ್ತಾರೆ. ಅಷ್ಟು ಮಾಡಿದ ಮೇಲೂ ಮೋಟಾರನ್ನು ತೀರಾ ಬಿಸಿ, ತೀರಾ ತಂಪಿನಲ್ಲಿ ಇಡಬೇಡಿ ಎನ್ನುತ್ತಾರೆ, ಯಾಕೆಂದರೆ ಮದ್ದು ಕೊಳವೆಯ ಗೋಡೆ ಬಿಟ್ಟು ಸಡಿಲವಾಗಬಹುದು.

ಒಬ್ಬ ಪೋಷಕರು ಮೈಸೂರಿನ ರಾಕೆಟ್ಟುಗಳ ಮಾತೆತ್ತಿದರು. ಹೆಮ್ಮೆಯ ವಿಷಯ, ನಾನೂ ತರಗತಿಯಲ್ಲಿ ಹೇಳುತ್ತೇನೆ. 18ನೇ ಶತಮಾನದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ್ದರಿಂದಲೇ ಅವು ಹೆಚ್ಚು ಒತ್ತಡ ತಡೆದು ದೂರ ಹೋದವು. ಆದರೆ ಅವು ಯುದ್ಧದ ಆಯುಧಗಳು. ಕಬ್ಬಿಣದ ಕೊಳವೆ ಒಡೆದರೆ ಚೂರುಗಳು ಸುತ್ತ ನಿಂತವರ ಮೈಗೆ ನಾಟುತ್ತವೆ. ಇವತ್ತಿನ ಹವ್ಯಾಸಿ ಮೋಟಾರುಗಳಿಗೆ ಕಾಗದ ಬಳಸಲು ಇದೂ ಕಾರಣ.

ಅಷ್ಟೇ ಅಲ್ಲ, ಈ ಹವ್ಯಾಸ ಬೆಳೆದದ್ದೇ ಮಕ್ಕಳ ಕೈಯಿಂದ ಮದ್ದು ಬಿಡಿಸಲು. 1950ರ ದಶಕದಲ್ಲಿ ಅಮೆರಿಕದ ಹುಡುಗರು ಲೋಹದ ಕೊಳವೆಗೆ ಏನೇನೋ ತುಂಬಿ ಹಾರಿಸಲು ಹೋಗಿ ಗಾಯಗೊಳ್ಳುತ್ತಿದ್ದರು. ಕೆಲವರು ಸತ್ತೂ ಹೋದರು. ಕಾಗದದ ಹಗುರ ರಾಕೆಟ್ಟನ್ನೂ ಅದಕ್ಕೆ ತಕ್ಕ ಮೋಟಾರನ್ನೂ 1954ರಲ್ಲಿ ರೂಪಿಸಿದವರು ಆರ್ವಿಲ್ ಕಾರ್ಲೈಲ್. ಅದನ್ನು ಸುರಕ್ಷತೆಯ ನಿಯಮಗಳ ಜೊತೆ ಹುಡುಗರಿಗೆ ತಲುಪಿಸಿದವರು ಹ್ಯಾರಿ ಸ್ಟೈನ್. ಅವರ ಯೋಚನೆ ಸರಳವಾಗಿತ್ತು: ರಾಕೆಟ್ಟನ್ನು ಮಗು ಕಟ್ಟಲಿ, ಮೋಟಾರು ಕಾರ್ಖಾನೆಯಿಂದ ಬರಲಿ. ನಾವು ಹೊಸದೇನೂ ಹೇಳುತ್ತಿಲ್ಲ.

"ಮೋಟಾರು ಮಾಡದಿದ್ದರೆ ಮಕ್ಕಳು ಕಲಿಯುವುದಾದರೂ ಏನು?" ಈ ಪ್ರಶ್ನೆ ನನಗೆ ಇಷ್ಟವಾಯಿತು. ಕಲಿಯಲು ಬೇಕಾದಷ್ಟಿದೆ. ಮೋಟಾರಿನ ಮೇಲೆ ಸಿ6-5 ಎಂದು ಬರೆದಿರುತ್ತದೆ. ಸಿ ಎಂದರೆ ಮದ್ದು ಉರಿದು ಮುಗಿಯುವವರೆಗೆ ಸಿಗುವ ಒಟ್ಟು ನೂಕಿನ (ನೂಕುಬಲ ಗುಣಿಸು ಸಮಯ) ವರ್ಗ, ಒಂದೊಂದು ಅಕ್ಷರ ಮುಂದೆ ಹೋದಂತೆ ಗರಿಷ್ಠ ಮಿತಿ ದುಪ್ಪಟ್ಟು. 6 ಎಂದರೆ ಸರಾಸರಿ ನೂಕುಬಲ 6 ನ್ಯೂಟನ್. 5 ಎಂದರೆ ಮದ್ದು ಉರಿದು ಮುಗಿದ 5 ಸೆಕೆಂಡಿನ ನಂತರ ಪ್ಯಾರಾಚೂಟು ಹೊರಗೆ ತಳ್ಳಲ್ಪಡುತ್ತದೆ. ಈ ಮೂರು ಗುರುತು ಹಿಡಿದು, ರಾಕೆಟ್ ಎಷ್ಟು ಎತ್ತರ ಹೋದೀತು ಎಂದು ಮಕ್ಕಳು ಮೊದಲೇ ಲೆಕ್ಕ ಹಾಕುತ್ತಾರೆ. ಹಾರಿಸಿದಾಗ ದೂರ ನಿಂತು ಕೋನ ಅಳೆದು, ತ್ರಿಕೋನಮಿತಿಯಿಂದ ನಿಜವಾದ ಎತ್ತರ ಕಂಡುಹಿಡಿಯುತ್ತಾರೆ. ಎರಡೂ ತಾಳೆಯಾಗದಿದ್ದರೆ ಯಾಕೆ ಎಂದು ಜಗಳವಾಡುತ್ತಾರೆ. ರೆಕ್ಕೆ ಚಿಕ್ಕದಾದರೆ ರಾಕೆಟ್ ಯಾಕೆ ಗಿರಗಿರ ತಿರುಗಿ ಬೀಳುತ್ತದೆ ಎಂದು ದಾರ ಕಟ್ಟಿ ಸುತ್ತಿಸಿ ನೋಡುತ್ತಾರೆ. ಹಾರಿಸುವುದು ವಿದ್ಯುತ್ ಗುಂಡಿಯಿಂದ, ಕನಿಷ್ಠ 15 ಅಡಿ ದೂರದಿಂದ, ಕೀಲಿ ಮೇಷ್ಟ್ರ ಜೇಬಿನಲ್ಲಿ. ಒಮ್ಮೆ ಮೈದಾನಕ್ಕೆ ಬಂದು ನೋಡಿ, ನಿಮಗೂ ಖುಷಿಯಾಗುತ್ತದೆ.

ಮಕ್ಕಳ ಮೇಲೆ ನಂಬಿಕೆ ಇಲ್ಲದೆ ಮಾಡಿದ ನಿಯಮ ಇದಲ್ಲ. ನಿಮ್ಮ ಮೇಲಂತೂ ಅಲ್ಲವೇ ಅಲ್ಲ. ದೊಡ್ಡವರಾಗಿ, ಓದಿ, ಪರವಾನಗಿ ಪಡೆದು ಇದೇ ಕೆಲಸಕ್ಕೆ ಇಳಿಯುವವರು ಇವರಲ್ಲೇ ಇರಬಹುದು. ಇಳಿಯಲಿ. ಹದಿನಾಲ್ಕು ವರ್ಷಕ್ಕೆ, ಮನೆಯ ತಾರಸಿಯಲ್ಲಿ ಬೇಡ. ಈ ಒಂದು ವಿಷಯದಲ್ಲಿ ಯಾರಿಗೂ ವಿನಾಯಿತಿ ಕೊಡಲು ಆಗುವುದಿಲ್ಲ. ಕ್ಷಮಿಸಿ, ಮತ್ತೆ ಮತ್ತೆ ಕೇಳಿದರೂ ನನ್ನ ಉತ್ತರ ಇದೇ.

ನಿಮ್ಮಿಂದ ಬೇಕಿರುವುದು ಇಷ್ಟು: ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಸೋಮವಾರದೊಳಗೆ ಕಳಿಸಿ.

ಮನೆಯಲ್ಲಿ ಈಗಾಗಲೇ ಬೆರೆಸಿದ ಪುಡಿಯೋ ತುಂಬಿದ ಕೊಳವೆಯೋ ಇದ್ದರೆ ಅದನ್ನು ಕದಲಿಸಬೇಡಿ, ಸುಟ್ಟು ಮುಗಿಸಲೂ ಹೋಗಬೇಡಿ. ಮಕ್ಕಳನ್ನು ದೂರ ಕಳಿಸಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ತಾನಾಗಿ ಹೇಳಿಕೊಂಡ ಮಗುವಿಗೆ ಶಾಲೆಯಲ್ಲಿ ಯಾವ ಶಿಕ್ಷೆಯೂ ಇರುವುದಿಲ್ಲ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ