ತಂಗಿಗೆ, ಲೆನ್ಸ್ ವಿಷಯಕ್ಕೆ

ಪ್ರಾಗ್

ಪ್ರೀತಿಯ ತಂಗೆವ್ವ,

ಅವ್ವ, ಅಪ್ಪನಿಗೆ ನನ್ನ ನಮಸ್ಕಾರ ಹೇಳು. ನಾನು ಆರಾಮ ಇದ್ದೇನೆ. ಇಲ್ಲಿ ಚಳಿ ಶುರುವಾಗಿದೆ.

ನೀನು ಕಣ್ಣಿಗೆ ಲೆನ್ಸ್ ಹಾಕಲು ಶುರು ಮಾಡಿದೆ ಎಂದು ಕೇಳಿ ಖುಷಿಯಾಯಿತು. ಆದರೆ ಮೊನ್ನೆ ಅವ್ವ ಫೋನಿನಲ್ಲಿ ಏನೆಂದಳು ಗೊತ್ತಾ? "ಹುಡುಗಿ ಭಾಳ ಸ್ವಚ್ಛ ಐತಿ, ದಿನಾ ನಳದ ನೀರಾಗ ಡಬ್ಬಿ ತೊಳದ ಇಡ್ತಾಳ." ಅವ್ವನಿಗೆ ಅದು ಹೊಗಳಿಕೆ, ನನಗೆ ಹೆದರಿಕೆ. ಫೋನಿನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಏನೇ ಇರಲಿ, ನೀರು ಹಾಕಿ ತಿಕ್ಕಿದರೆ ಮುಗಿಯಿತು. ಲೆನ್ಸ್ ಹಾಗಲ್ಲ. ಅದಕ್ಕೂ ಅದರ ಡಬ್ಬಿಗೂ ನೀರು ಮುಟ್ಟಿಸಲೇಬಾರದು. ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ನಳದ ನೀರಲ್ಲೂ ಇರುತ್ತದೆ, ಬೋರಿನ ನೀರಲ್ಲೂ ಇರುತ್ತದೆ. ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಲೆನ್ಸಿಗೆ ಅಂಟಿ ಕಣ್ಣು ಸೇರಿದರೆ ಮಾತ್ರ ಕಾರ್ನಿಯಾಕ್ಕೇ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೇ, ಕೈ ಹಾಕುತ್ತದೆ. ತನಗೆ ಕಷ್ಟ ಬಂದಾಗ ಗಟ್ಟಿ ಕವಚ ಕಟ್ಟಿಕೊಂಡು ಕೂತುಬಿಡುತ್ತದೆ, ಆಗ ಔಷಧಿಗೂ ಸುಲಭಕ್ಕೆ ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಹನಿ ಹಾಕಬೇಕು. ಕೆಲವರಿಗೆ ಕಾರ್ನಿಯಾ ಬದಲಿಸುವವರೆಗೂ ಹೋಗುತ್ತದೆ. ಅಪರೂಪದ ರೋಗ, ನಿಜ. ಆದರೆ ಹೆಚ್ಚಾಗಿ ಬರುವುದು ಲೆನ್ಸ್ ಹಾಕುವವರಿಗೇ.

ಅದರಲ್ಲೂ ನಮ್ಮದು ಹುಬ್ಬಳ್ಳಿ. ನಳ ಬಂದ ದಿನ ಟಾಕಿ, ಡ್ರಮ್ಮು, ಕೊಡ ಎಲ್ಲ ತುಂಬಿಟ್ಟು, ಮತ್ತೆ ನಳ ಬರುವವರೆಗೆ ಅದೇ ನೀರು ಬಳಸುವವರು ನಾವು. ಕಾಸಿ ಆರಿಸಿದರೆ ನಡೆಯುತ್ತದಾ ಎಂದು ಅವ್ವ ಕೇಳುತ್ತಾಳೆ, ನನಗೆ ಗೊತ್ತು. ನಡೆಯುವುದಿಲ್ಲ. ಫಿಲ್ಟರ್ ನೀರು, ಬಾಟಲಿ ನೀರು, ಅವೂ ಬೇಡ. ಜಳಕಕ್ಕೆ ಹೋಗುವ ಮುಂಚೆ ಲೆನ್ಸ್ ತೆಗೆದಿಡು.

ಅಂದ ಹಾಗೆ, ಈ ಮೆತ್ತನೆಯ ಲೆನ್ಸ್ ಹುಟ್ಟಿದ್ದು ನಾನಿರುವ ಈ ಚೆಕ್ ನಾಡಿನಲ್ಲೇ. 1961ರ ಕ್ರಿಸ್‌ಮಸ್ ಹೊತ್ತಿಗೆ ಒಟ್ಟೊ ವಿಖ್ಟರ್ಲೆ ಎಂಬ ವಿಜ್ಞಾನಿ ಮಕ್ಕಳ ಜೋಡಣೆ ಆಟಿಕೆಗೆ ಸೈಕಲ್ ಡೈನಮೋ ಕೂಡಿಸಿ, ಮನೆಯಲ್ಲೇ ಲೆನ್ಸ್ ತಿರುಗಿಸಿ ತೆಗೆದರು. ಅವರು ಬಳಸಿದ ವಸ್ತುವಿನ ಗುಣವೇ ನೀರು ಹೀರಿ ಮೆತ್ತಗಾಗುವುದು. ಅದಕ್ಕೇ ಕಣ್ಣಿಗೆ ಒತ್ತುವುದಿಲ್ಲ. ಅದೇ ಗುಣಕ್ಕೆ ಸಾದಾ ನೀರು ತಾಗಿದರೆ ಉಬ್ಬಿ ಕಣ್ಣಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಕೈಗೆ ಮಾತ್ರ ನೀರೂ ಬೇಕು, ಸಾಬೂನೂ ಬೇಕು. ತೊಳೆದ ಮೇಲೆ ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೋ, ಬೆರಳು ಹಸಿ ಇರಬಾರದು. ರಾತ್ರಿ ಲೆನ್ಸ್ ತೆಗೆದು ಅಂಗೈಯ ಗುಣಿಯಲ್ಲಿಟ್ಟು, ಲೆನ್ಸ್ ತೊಳೆಯುವ ದ್ರವ ಅಂದರೆ ಸೊಲ್ಯೂಷನ್ ಹಾಕಿ, ತೋರುಬೆರಳ ತುದಿಯಿಂದ ಎರಡೂ ಬದಿ ಮೆಲ್ಲಗೆ ತಿಕ್ಕು. ಉಗುರು ತಾಗದ ಹಾಗೆ ನೋಡಿಕೋ. 'ತಿಕ್ಕುವುದು ಬೇಕಿಲ್ಲ' ಎಂದು ಬಾಟಲಿಯ ಮೇಲೆ ಬರೆದಿದ್ದರೂ ತಿಕ್ಕು. ಆಮೇಲೆ ಅದೇ ಸೊಲ್ಯೂಷನ್ನಿಂದ ತೊಳೆದು ಡಬ್ಬಿಗೆ ಹೊಸದನ್ನು ತುಂಬು. ನಿನ್ನೆ ಉಳಿದದ್ದರ ಮೇಲೆ ಇವತ್ತು ಸ್ವಲ್ಪ ಸುರಿಯುವ ಜಿಪುಣತನ ಬೇಡ, ಅದು ಆಗಲೇ ಸತ್ವ ಕಳೆದುಕೊಂಡಿರುತ್ತದೆ. ಸಲೈನ್, ಅಂದರೆ ಬರೀ ಉಪ್ಪುನೀರಿನ ದ್ರಾವಣ, ಅಗ್ಗ ಎಂದು ಅದರಲ್ಲಿ ನೆನೆಹಾಕಬೇಡ, ಅದಕ್ಕೆ ಸೋಂಕು ಕೊಲ್ಲುವ ಶಕ್ತಿ ಇಲ್ಲ.

ಬೆಳಿಗ್ಗೆ ಲೆನ್ಸ್ ಬೆರಳ ಮೇಲಿಟ್ಟು ಬೆಳಕಿಗೆ ಹಿಡಿ. ಬಟ್ಟಲಿನ ಹಾಗೆ ಕಂಡರೆ ಸರಿ, ಅಂಚು ಹೊರಗೆ ಹರಡಿದ್ದರೆ ತಿರುವುಮುರುವಾಗಿದೆ. ಹಾಕಿಕೊಂಡ ಮೇಲೆ ಡಬ್ಬಿ ಖಾಲಿ ಮಾಡಿ, ಸೊಲ್ಯೂಷನ್ನಿಂದ ತೊಳೆದು, ಟಿಶ್ಯೂದಿಂದ ಒರೆಸಿ, ಮುಚ್ಚಳ ಬೇರೆ ಇಟ್ಟು ಬೋರಲು ಹಾಕು. ಬಚ್ಚಲದ ಕಡೆ ಇಡಬೇಡ. 3 ತಿಂಗಳಿಗೊಮ್ಮೆ ಡಬ್ಬಿ ಬದಲಿಸು. ನಿನ್ನವು ತಿಂಗಳ ಲೆನ್ಸ್ ಅಲ್ವಾ? ಪೊಟ್ಟಣ ಒಡೆದ ದಿನದಿಂದ ಲೆಕ್ಕ, ಹಾಕಿದ ದಿನಗಳಷ್ಟೇ ಅಲ್ಲ.

ಇನ್ನೊಂದು. ಸಂಜೆ ಧಾರವಾಡದಿಂದ ಬರುವಾಗ ಚಿಗರಿ ಬಸ್ಸಿನ ಎಸಿಯಲ್ಲಿ ನೀನು ನವನಗರ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತೀ. ಲೆನ್ಸ್ ಹಾಕಿ ಮಲಗಿದರೆ ಸೋಂಕಿನ ಅಪಾಯ 6ರಿಂದ 8 ಪಟ್ಟು ಜಾಸ್ತಿ ಎಂದು ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಕಾರ್ನಿಯಾಕ್ಕೆ ರಕ್ತನಾಳ ಇಲ್ಲ, ಅದು ಹೆಚ್ಚಾಗಿ ಹೊರಗಿನ ಗಾಳಿಯಿಂದಲೇ ಆಮ್ಲಜನಕ ತಗೊಳ್ಳಬೇಕು. ಲೆನ್ಸೂ ಇದ್ದು ರೆಪ್ಪೆಯೂ ಮುಚ್ಚಿದರೆ ಪಾಪ ಅದೇನು ಮಾಡೀತು? ದಣಿದ ದಿನ ಹತ್ತುವ ಮುಂಚೆಯೇ ಚಷ್ಮಾ ಹಾಕಿಕೋ.

ಅವ್ವ ಖಾರ ಕುಟ್ಟಿಸುವ ದಿನವೂ ಚಷ್ಮಾನೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಅವ್ವ ವಾದ ಮಾಡುತ್ತಾಳೆ. ಮಾಡಲಿ. ತೊಟ್ಟು ತೆಗೆದ ಬೆರಳಿನ ಖಾರ ಬರೀ ನೀರಿಗೆ ಹೋಗುವುದಿಲ್ಲ.

ಕಣ್ಣು ಕೆಂಪಾಗಿ ನೋಯತೊಡಗಿದರೆ, ಬೆಳಕು ಚುಚ್ಚಿದರೆ, ಮಂಜಾದರೆ, ಕೂಡಲೇ ಲೆನ್ಸ್ ತೆಗೆ. ನಾಳೆ ನೋಡೋಣ ಎನ್ನಬೇಡ. ಮೆಡಿಕಲ್ ಅಂಗಡಿಯವರು ಕೊಟ್ಟ ಹನಿ ಸುಮ್ನೆ ಹಾಕಬೇಡ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಇನ್ನೂ ಕೆರಳುತ್ತದೆ. ಕಣ್ಣಿನ ಡಾಕ್ಟರ್ ಹತ್ತಿರವೇ ಹೋಗು, ಲೆನ್ಸನ್ನೂ ಡಬ್ಬಿಯನ್ನೂ ಒಯ್ಯಿ. ಬೇಕಾದರೆ ಅವನ್ನೂ ಪರೀಕ್ಷೆಗೆ ಕಳಿಸುತ್ತಾರೆ.

ಬರೀ ಮದುವೆ, ಸಮಾರಂಭಕ್ಕೆ ಹಾಕುವುದಾದರೆ ದಿನಕ್ಕೊಂದು ಜೊತೆ ಎಸೆಯುವ ಲೆನ್ಸ್ ತಗೋ ಎಂದೇ ನನ್ನ ಸಲಹೆ. ಡಬ್ಬಿಯ ತಂಟೆಯೇ ಇಲ್ಲ. ಸದ್ಯ ಆ ತೊಳೆದ ಡಬ್ಬಿಯನ್ನೂ ಅದರಲ್ಲಿಟ್ಟ ಲೆನ್ಸನ್ನೂ ಇವತ್ತೇ ಎಸೆದುಬಿಡು. ಹೊಸದಕ್ಕೆ ಅಪ್ಪನ ಖಾತೆಗೆ ದುಡ್ಡು ಹಾಕಿದ್ದೇನೆ, ಕೇಳಿ ಇಸಿದುಕೋ.

ನಿನ್ನ
ಅಕ್ಕ