ತಮ್ಮನ ನಾಡಿ

ಮಾಟುಂಗ, ಮುಂಬಯಿ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದ.

ಪುಣೆಯಿಂದ ನೀನು ಬರೆದ ಪತ್ರ ಮೊನ್ನೆ ಬಂತು. ಅದರಲ್ಲೊಂದು ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ದೀಪಾವಳಿಗೆ ಡೊಂಬಿವಲಿಗೆ ಬಂದಾಗ, ಮಲಗಿದ್ದ ತಮ್ಮನ ಕೈ ಹಿಡಿದು ನಾಡಿ ಎಣಿಸಿದೆ, ನಿಮಿಷಕ್ಕೆ 52 ಬಂತು ಎಂದಿದ್ದೀ. ಅಪರಾಧ ಮಾಡುವವರ ನಾಡಿ ನಿಧಾನವಂತೆ, ಇವನೂ ಚಿಕ್ಕಪ್ಪನ ದಾರಿ ಹಿಡಿಯುತ್ತಾನೋ ಎಂದು ಕೇಳಿದ್ದೀ. ಚಿಕ್ಕಪ್ಪನ ವಿಷಯ ಇಲ್ಲಿ ಎತ್ತುವುದಿಲ್ಲ, ನಿನಗೆ ಗೊತ್ತಿದ್ದದ್ದೇ.

ಮಗಾ, ಅವನು ದಿನಾ ಬೆಳಿಗ್ಗೆ ಎರಡು ಗಂಟೆ ಫುಟ್‌ಬಾಲ್ ಆಡುವ ಹುಡುಗ. ಆಟಗಾರರ ನಾಡಿ ನಿಧಾನವೇ. ಅದೂ ನಿದ್ದೆಯಲ್ಲಿ! ನೀನು ಬಿಟ್ಟುಹೋದ ಅಪರಾಧಶಾಸ್ತ್ರದ ನೋಟ್ಸನ್ನು ನಾನೂ ತಿರುವಿ ನೋಡಿದೆ. ನಾಡಿಗೂ ಅಪರಾಧಕ್ಕೂ ಇರುವುದು ಬಹಳ ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಸಣ್ಣ ಸಂಬಂಧವಂತೆ, ಒಬ್ಬನ ಹಣೆಬರಹವಲ್ಲ. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ತಲೆಬುರುಡೆ, ದವಡೆ ನೋಡಿ ಅಪರಾಧಿಯನ್ನು ಗುರುತಿಸಬಹುದೆಂದ. 1913ರಲ್ಲಿ ಜೈಲಿನ ವೈದ್ಯ ಗೋರಿಂಗ್ ಇಂಗ್ಲೆಂಡಿನ ಸುಮಾರು 3000 ಕೈದಿಗಳನ್ನು ಅಳೆದು, ಅಂಥ ದೇಹಲಕ್ಷಣವೇ ಇಲ್ಲವೆಂದ. ನಿನ್ನ ಕೈಬರಹದಲ್ಲೇ ಇದೆ. ನಮ್ಮ ದೇಶದಲ್ಲಿ ಬ್ರಿಟಿಷರ 1871ರ ಕಾನೂನು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತ್ತು. ಆ ಪಟ್ಟಿ ಹರಿಯಲು 1952 ಬರಬೇಕಾಯಿತು. ಎಷ್ಟು ತಲೆಮಾರಿನ ಮಕ್ಕಳು ಹಾಗೆ ಬದುಕಿದರೋ.

ನಾನೂ ಒಮ್ಮೆ ಹೀಗೆ ಅಳೆದಿದ್ದೆ. ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ. ಫೋರ್ಟಿನ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದ ಕಾಲ. ಒಂದು ರಾತ್ರಿ ಲೆಕ್ಕದಲ್ಲಿ ನೂರು ರೂಪಾಯಿ ಕಡಿಮೆ ಬಂತು. ಟೇಬಲ್ ಒರೆಸುವ ಹುಡುಗನನ್ನು ಕೇಳಿದೆ, 14ರ ಪ್ರಾಯ. ಅಳಲಿಲ್ಲ, ಕೈ ನಡುಗಲಿಲ್ಲ. ನನ್ನನ್ನೇ ನೋಡುತ್ತ ಒದ್ದೆ ಬಟ್ಟೆ ಹಿಂಡಿ, ನಾಲ್ಕು ಮಡಿಕೆ ಮಾಡಿ, ಟೇಬಲಿನ ಮೂಲೆಗಿಟ್ಟ. ಹೆದರದವನೇ ಕಳ್ಳ ಎಂದು ಧಣಿಗೆ ಹೇಳಿದೆ. ಆ ರಾತ್ರಿಯೇ ಕಳಿಸಿಬಿಟ್ಟರು. ಮೂರನೇ ದಿನ ಡ್ರಾಯರಿನ ಹಿಂದೆ ನೋಟು ಸಿಕ್ಕಿತು. ವಿ.ಟಿ. ಸ್ಟೇಷನ್ನಿನಲ್ಲಿ ಎಷ್ಟೋ ಸಂಜೆ ಹುಡುಕಿದೆ, ಸಿಗಲಿಲ್ಲ. ಧಣಿಗೆ ನಿಜ ಹೇಳುವ ಧೈರ್ಯವೂ ಬರಲಿಲ್ಲ. ಅವನ ನಾಡಿ ಎಣಿಸಿದ್ದರೆ ಅದೂ ನಿಧಾನವೇ ಇರುತ್ತಿತ್ತೇನೋ.

ಆ 52 ನನ್ನ ತಲೆಯಿಂದಲೂ ಹೋಗುತ್ತಿಲ್ಲ. ಹರೆಯದಲ್ಲಿ ತಪ್ಪು ಮಾಡುವ ಹೆಚ್ಚಿನವರು ದೊಡ್ಡವರಾದಂತೆ ಬಿಡುತ್ತಾರೆಂದು 1993ರಲ್ಲಿ ಮನಃಶಾಸ್ತ್ರಜ್ಞೆ ಮೊಫಿಟ್ ಬರೆದ ಸಾಲಿಗೆ ನೀನೇ ಕೆಂಪು ಗೆರೆ ಹಾಕಿದ್ದೀ. ನಮ್ಮವನು ತಪ್ಪೂ ಮಾಡಿಲ್ಲ, ಸಿಟ್ಟಿಗೆ ಬಾಗಿಲು ಬಡಿಯುತ್ತಾನೆ ಅಷ್ಟೆ.

ನಿನ್ನಷ್ಟು ಓದಿದವಳಿಗೆ ನಾನೇನು ಹೇಳಲಿ. ಈ ಹೆದರಿಕೆಯನ್ನು ನಿಮ್ಮ ಮೇಡಂ ಹತ್ತಿರ ಹೇಳಿಬಿಡು, ಒಬ್ಬಳೇ ಇಟ್ಟುಕೊಳ್ಳಬೇಡ. ರಾತ್ರಿ ಊಟ ಬಿಡಬೇಡ. ಅವನ ಕೈ ಹಿಡಿ, ಎಣಿಸಬೇಡ. ಯಾರಾದರೂ ಅಳೆಯುತ್ತಿದ್ದರೆ ಮಕ್ಕಳಿಗೆ ಗೊತ್ತಾಗುತ್ತದೆ. ಆ ಹುಡುಗನಿಗೂ ಗೊತ್ತಾಗಿತ್ತು, ಬಟ್ಟೆ ಮಡಚುವಾಗಲೇ.

ಬರುವ ಭಾನುವಾರ ಸಂಜೆ ತಮ್ಮನ ಪಂದ್ಯ ಇದೆಯಂತೆ. ಬೆಳಿಗ್ಗೆಯ ಡೆಕ್ಕನ್ ಕ್ವೀನ್ ಹಿಡಿದು ಬಾ, ದಾದರಿನಲ್ಲಿ ಕಾಯುತ್ತೇನೆ.

ನಿನ್ನ ದೊಡ್ಡಪ್ಪ