ಧಾರಣೆ ಪಟ್ಟಿಯ ಸರಾಸರಿ ಯಾವ ಲೆಕ್ಕದ್ದು?

ಸಂಪಾದಕರೇ,

ನಿಮ್ಮ ಪತ್ರಿಕೆಯ ಅಡಿಕೆ ಧಾರಣೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಅಂತ ಮೂರು ಅಂಕಣ ಇರುತ್ತವೆ. ಮಲೆನಾಡಿನಲ್ಲಿ ಎಷ್ಟೋ ಜನ ಮೊದಲು ಓದೋದೇ ಆ ಮೂಲೆ, ರಾಜಕೀಯ ಆಮೇಲೆ. ಆದರೆ ಮೂರನೇ ಅಂಕಣದ ಸರಾಸರಿಯನ್ನು ಹೇಗೆ ತೆಗೆದಿದ್ದು ಅಂತ ಎಲ್ಲೂ ಹೇಳಿರುವುದಿಲ್ಲ.

ಒಂದು ಲೆಕ್ಕ ನೋಡಿ. ಮಂಡಿಗೆ ರಾಶಿ ಅಡಿಕೆಯ ಐದು ಲಾಟು ಬಂದವು ಅಂದುಕೊಳ್ಳಿ. ನಾಲ್ಕಕ್ಕೆ ಕ್ವಿಂಟಲ್‌ಗೆ 46, 47, 47, 48 ಸಾವಿರ ಸಿಕ್ಕಿತು. ಐದನೆಯದು ಒಣಗುವಾಗ ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಮಾಲು, 12 ಸಾವಿರಕ್ಕೆ ಹೋಯಿತು. ಎಲ್ಲ ಕೂಡಿಸಿ ಐದರಿಂದ ಭಾಗಿಸಿದರೆ 40,000. ಆ ಬೆಲೆಗೆ ಮಾರಿದವರು ಒಬ್ಬರೂ ಇಲ್ಲ! ಬೆಲೆಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ಹಿಡಿದರೆ, ಅದೇ ಶಾಲೆಯಲ್ಲಿ ಕಲಿತ ಮಧ್ಯಾಂಕ, 47,000. ಹೆಚ್ಚು ಸಲ ಬಂದ ಬೆಲೆ, ಅಂದರೆ ಬಹುಲಕ, ಅದೂ 47,000. ಬೂಸ್ಟು ಅಡಿಕೆ ಬರೀ ಒಂದು ಕ್ವಿಂಟಲ್, ಉಳಿದವು ತಲಾ ಹತ್ತು ಕ್ವಿಂಟಲ್ ಇದ್ದವು ಅಂತಿಟ್ಟುಕೊಂಡು ತೂಕ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 46,150. ಪಟ್ಟಿಯಲ್ಲಿ 40,000 ನೋಡಿ ಧಾರಣೆ ಬಿತ್ತು ಅಂತ ಗಾಬರಿಯಾಗಿ ಮನೆಗೆ ಬಂದ ವ್ಯಾಪಾರಿಗೆ ಕೊಟ್ಟುಬಿಟ್ಟವನ ಗತಿ ಏನು?

ಸರ್ಕಾರದ ಕೃಷಿ ಮಾರುಕಟ್ಟೆ ಧಾರಣೆಯ ಜಾಲತಾಣ ಆಗ್‌ಮಾರ್ಕ್‌ನೆಟ್‌ನಲ್ಲಿ ಕನಿಷ್ಠ, ಗರಿಷ್ಠದ ಜೊತೆ ಕೊಡುವುದು ಮೋಡಲ್ ಧಾರಣೆ, ಅಂದರೆ ಜಾಸ್ತಿ ಮಾಲು ಮಾರಾಟವಾದ ಬೆಲೆ. ನೀವು ಅದನ್ನೇ ಸರಾಸರಿ ಅಂತ ಹಾಕುತ್ತೀರೋ, ಬೇರೆ ಲೆಕ್ಕವೋ, ಓದುವವರಿಗೆ ತಿಳಿಯುವುದಿಲ್ಲ.

ಇನ್ನೊಂದು ತಕರಾರೂ ಇದೆ. ಅಂಕಿ ಕಂಡಲ್ಲೆಲ್ಲ ಕೂಡಿಸಿ ಭಾಗಿಸುವ ಹಾಗಿಲ್ಲ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲೇ ಅಳತೆಗಳನ್ನು ನಾಲ್ಕು ಬಗೆ ಮಾಡಿದ್ದರು. ಮೊದಲನೆಯದು ಪಿನ್‌ಕೋಡ್‌ನಂಥ ಬರೀ ಗುರುತು, ಅದರ ಸರಾಸರಿ ತೆಗೆದು ಏನು ಮಾಡೋದು? ಎರಡನೆಯದು ರ‍್ಯಾಂಕ್‌ನಂಥದ್ದು. ಅದು ಯಾರು ಮುಂದೆ, ಯಾರು ಹಿಂದೆ ಅನ್ನೋದನ್ನಷ್ಟೇ ಹೇಳುತ್ತದೆ, ಒಂದನೇ ಮತ್ತು ಎರಡನೇ ರ‍್ಯಾಂಕ್ ನಡುವೆ ಎಷ್ಟು ಅಂಕದ ಅಂತರವೋ ಅದರಲ್ಲಿ ಕಾಣೋದಿಲ್ಲ. (ಹೋಟೆಲ್‌ಗಳ 3.7 ಸ್ಟಾರ್ ಕೂಡ ಇದೇ ಜಾತಿಯದು, ಆದರೂ ಎಲ್ಲರೂ ಸರಾಸರಿ ತೆಗೆಯುತ್ತಾರೆ, ಇರಲಿ ಬಿಡಿ.) ಮೂರನೆಯದು ಡಿಗ್ರಿ ಸೆಲ್ಸಿಯಸ್‌ನಂಥದ್ದು. ಸರಾಸರಿ ತೆಗೆಯಬಹುದು, ಆದರೆ ರಾಯಚೂರಿನಲ್ಲಿ 40, ಮಡಿಕೇರಿಯಲ್ಲಿ 20 ಇದ್ದರೆ ‘ದುಪ್ಪಟ್ಟು ಬಿಸಿ’ ಅನ್ನುವಂತಿಲ್ಲ. ಅದನ್ನೇ ಫ್ಯಾರನ್‌ಹೀಟ್‌ಗೆ ತಿರುಗಿಸಿದರೆ 104 ಮತ್ತು 68, ದುಪ್ಪಟ್ಟು ಎಲ್ಲಿ ಹೋಯಿತು? ಅಲ್ಲಿನ ಸೊನ್ನೆ ನಾವು ಇಟ್ಟುಕೊಂಡಿದ್ದು. ನಾಲ್ಕನೆಯ ಬಗೆಯವಾದ ತೂಕ, ಬೆಲೆ, ಮಳೆಯ ಮಿಲಿಮೀಟರ್‌ಗಳಲ್ಲಿ ಸೊನ್ನೆ ಅಂದರೆ ನಿಜವಾಗಿಯೂ ಏನೂ ಇಲ್ಲ, ಹಾಗಾಗಿ ಅಲ್ಲಿ ದುಪ್ಪಟ್ಟು, ಅರ್ಧ ಎಲ್ಲ ಸರಿ.

ನಾನು ಕೇಳುವುದು ಇಷ್ಟೇ. ಧಾರಣೆ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿ: ಇದು ಯಾವ ಸರಾಸರಿ, ತೂಕ ಸೇರಿದೆಯೋ ಇಲ್ಲವೋ. ಜಾಗ ಇದ್ದರೆ ಆವಕ ಎಷ್ಟು ಕ್ವಿಂಟಲ್ ಅನ್ನೋದನ್ನೂ ಕೊಡಿ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ